ಕಿರ್ದಿಯಿಂದ ಖಾತೆಗೆ: ದಿನಚರಿಯ ಮರುಓದು ಹಾಗೂ ಪರೇಲಿನ ಕೆಲವು ಬರಹಗಳು

ಕನ್ನಡ ವಿಮರ್ಶೆಯಲ್ಲಿ ಆತ್ಮಚರಿತ್ರೆಗೆ ಸಂದಿರುವ ಗಮನ ದಿನಚರಿಗೆ ಸಂದಿಲ್ಲ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಮಾಸ್ತಿಯವರ ‘ಭಾವ’, ಲಂಕೇಶರ ‘ಹುಳಿಮಾವಿನ ಮರ’ ಇವುಗಳ ಸುತ್ತ ಚರ್ಚೆಯ ಒಂದು ಪರಂಪರೆಯೇ ಬೆಳೆದಿದೆ. ದಿನಚರಿಯನ್ನಾದರೋ ನಾವು ಆತ್ಮಚರಿತ್ರೆಯ ಕಚ್ಚಾ ಸಾಮಗ್ರಿ ಎಂದೇ ಎಣಿಸುತ್ತ ಬಂದಿದ್ದೇವೆ. ಕಟ್ಟಡ ಮುಗಿದ ಮೇಲೆ ಸಾರುವೆಯನ್ನು ಕಳಚಿ ಎಸೆಯುವಂತೆ, ಆತ್ಮಚರಿತ್ರೆ ಅಚ್ಚಾದ ಮೇಲೆ ದಿನಚರಿಯ ಹೊತ್ತಗೆ ಎಲ್ಲಿ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಈ ಎಣಿಕೆಯನ್ನು ಪುನರ್ವಿಮರ್ಶಿಸುವ ಅಗತ್ಯವಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ದಿನಚರಿಯ ಪ್ರಯೋಜನವನ್ನು ಹೇಳುವವರು ಸಾಮಾನ್ಯವಾಗಿ ಬರೆಯುವ ಅಭ್ಯಾಸವನ್ನು ಹೊಗಳುತ್ತಾರೆ. ಬರೆದವನೇ ಅದನ್ನು ಮರಳಿ ಓದುವ ಕ್ರಿಯೆಯ ಬಗೆಗೆ ಮೌನ ವಹಿಸುತ್ತಾರೆ. ನಮಗೆ ತೋರುವಂತೆ ಪ್ರಯೋಜನವೆಲ್ಲ ಅಡಗಿರುವುದು ಈ ಎರಡನೆಯ ಕ್ರಿಯೆಯಲ್ಲಿ.

ಇದನ್ನು ವಿವರಿಸಲು ಪಾಶ್ಚಾತ್ಯ ಪರಿಭಾಷೆಯನ್ನು ಎರವು ತರಬೇಕಾಗಿಲ್ಲ. ನಮ್ಮ ಅಂಗಡಿಗಳ ಲೆಕ್ಕದಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ದಿನದ ಕೊಡುಕೊಳ್ಳುವಿಕೆಯನ್ನು ನಡೆದ ಕ್ರಮದಲ್ಲೇ ಬರೆದಿಡುವುದು ಕಿರ್ದಿ. ಅದರಿಂದ ಆಯಾ ಹೆಸರಿಗೆ, ಆಯಾ ಬಾಬಿಗೆ ಎತ್ತಿ ಬರೆಯುವುದು ಖಾತೆ. ಕಿರ್ದಿಯೊಂದನ್ನೇ ಬರೆದವನಿಗೆ ಆ ದಿನದ ನಗದು ತಿಳಿಯುತ್ತದೆ, ಯಾರಿಂದ ಎಷ್ಟು ಬರತಕ್ಕದ್ದೆಂಬುದು ತಿಳಿಯದು. ಖಾತೆಯನ್ನು ಮಾತ್ರ ಇಟ್ಟುಕೊಂಡವನಿಗೆ ಅಂಕಿಯ ಮೇಲೆ ತಗಾದೆ ಬಂದರೆ ತೋರಿಸಲು ಆಧಾರವಿರದು. ಅವನು ಮತ್ತೆ ಕಿರ್ದಿಯನ್ನೇ ತೆರೆಯಬೇಕು. ದಿನಚರಿ ಕಿರ್ದಿ, ಆತ್ಮಚರಿತ್ರೆ ಖಾತೆ. ನಡುವೆ ನಡೆಯುವ ಎತ್ತಿ ಬರೆಯುವ ಕೆಲಸವೇ ಮರುಓದು. ಈ ಕೆಲಸದ ಸ್ವರೂಪವನ್ನು ಪರಿಶೀಲಿಸಲು ನಾವು ಮುಂಬಯಿಯ ಪರೇಲನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವಿದೆ. ಹೊರನಾಡಿನ ಸಂಶೋಧಕರಿಗೆ ಪರೇಲ್ ಎಂದರೆ ಬಟ್ಟೆಗಿರಣಿಗಳ, ಆಸ್ಪತ್ರೆಗಳ ಪ್ರದೇಶ. ಆದರೆ ಅಲ್ಲಿಯೇ ಒಂದು ಹಳೆಯ ಸೌಧವಿದೆ. ಅದರಲ್ಲಿ ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಬೇರೆ ಬೇರೆ ಸ್ವಭಾವದ ಜನ ಬೇರೆ ಬೇರೆ ಉದ್ದೇಶದಿಂದ ದಿನದ ದಾಖಲೆಯನ್ನು ಬರೆದಿದ್ದಾರೆ. ಒಂದೇ ಛಾವಣಿಯ ಕೆಳಗೆ ಇಷ್ಟು ವಿಧದ ಕಿರ್ದಿಗಳು ದೊರೆಯುವುದು ಅಪರೂಪ.

ಈ ಸೌಧ ಮೂಲತಃ ಪೋರ್ಚುಗೀಸರ ಕಾಲದ ಕ್ರೈಸ್ತ ಮಠ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಮುಂದೆ ಅದು ಮುಂಬಯಿಯ ಗವರ್ನರರ ನಿವಾಸವಾಯಿತು. 1882ರಲ್ಲಿ ಗವರ್ನರ್ ಫರ್ಗ್ಯುಸನ್ನನ ಪತ್ನಿ ಕಾಲರಾದಿಂದ ತೀರಿಕೊಂಡ ತರುವಾಯ ಗವರ್ನರರು ಮಲಬಾರ್ ಪಾಯಿಂಟಿಗೆ ತೆರಳಿದರು. ಪ್ಲೇಗಿನ ವರ್ಷಗಳಲ್ಲಿ ಆಸ್ಪತ್ರೆಯಾಗಿ ಬಳಕೆಯಾಗಿ, 1899ರಿಂದ ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಗಿ, 1925ರಿಂದ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರಿನಿಂದ ಅದು ಉಳಿದಿದೆ.

ಮೊದಲು ಜೇಮ್ಸ್ ಮ್ಯಾಕಿಂಟಾಷನನ್ನು ನೋಡೋಣ. 1804ರಲ್ಲಿ ಮುಂಬಯಿಯ ರೆಕಾರ್ಡರ್, ಎಂದರೆ ಮುಖ್ಯ ನ್ಯಾಯಾಧೀಶ, ಆಗಿ ಬಂದ ಈತನಿಗೆ ಗವರ್ನರ್ ಜೊನಾಥನ್ ಡಂಕನ್ ಪರೇಲಿನ ಮನೆಯನ್ನು ಬಿಟ್ಟುಕೊಟ್ಟಿದ್ದ. ಅದೇ ವರ್ಷ ನವೆಂಬರ್ 26ರಂದು ಈ ಮನೆಯಲ್ಲಿ ಸೇರಿದ ಸಭೆಯಿಂದ ಮುಂಬಯಿಯ ಲಿಟರರಿ ಸೊಸೈಟಿ ಹುಟ್ಟಿತು. ಇಂದಿನ ಮುಂಬಯಿ ಏಷ್ಯಾಟಿಕ್ ಸೊಸೈಟಿಯ ಮೂಲ ಅದು. ಮ್ಯಾಕಿಂಟಾಷನ ದಿನಚರಿಯಲ್ಲಿ ಹೆಚ್ಚಿನ ಭಾಗ ಆತ ಪರೇಲನ್ನು ಬಿಟ್ಟ ಮೇಲಿನದು. ಪತ್ನಿ ಇಂಗ್ಲೆಂಡಿಗೆ ಹಿಂದಿರುಗಿದ ನಂತರ ಅವಳಿಗೆ ಕಳುಹಿಸಲೆಂದೇ ಬರೆದದ್ದು. 1835ರಲ್ಲಿ ಮಗ ತಂದೆಯ ಜೀವನಸ್ಮರಣೆಯ ಎರಡು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದ. ಅಪಾರ ಓದಿನ ಹಸಿವು ಒಂದು ಕಡೆ, ಕೈಗೊಂಡ ಕೆಲಸವನ್ನು ಮುಂದೂಡುವ ಚಾಳಿ ಇನ್ನೊಂದು ಕಡೆ. ಎರಡಕ್ಕೂ ಈ ಬರಹ ಸಾಕ್ಷಿ. ಇಂಗ್ಲೆಂಡಿನ ಬೃಹತ್ ಇತಿಹಾಸವೊಂದನ್ನು ಬರೆಯಬೇಕೆಂಬ ಸಂಕಲ್ಪ ಆತನದಾಗಿತ್ತು. 1832ರಲ್ಲಿ ತೀರಿಕೊಂಡಾಗ ಅದು ಅಪೂರ್ಣವಾಗಿಯೇ ಉಳಿದಿತ್ತು.

ದಿನಚರಿಯ ಹೊಗಳುಭಟರು ಮ್ಯಾಕಿಂಟಾಷನ ಮುಂದೆ ಸ್ವಲ್ಪ ನಿಲ್ಲಬೇಕು. ತನ್ನ ಸೋಮಾರಿತನವನ್ನು ಆತ ಅರಿಯದೆ ಇರಲಿಲ್ಲ, ಬರೆಯದೆಯೂ ಇರಲಿಲ್ಲ. ಆದರೆ ಪಶ್ಚಾತ್ತಾಪವನ್ನು ಚೆನ್ನಾಗಿ ಬರೆದಾಕ್ಷಣ ಮನಸ್ಸಿಗೆ ಅರ್ಧ ಕೆಲಸ ಮುಗಿದ ಸಮಾಧಾನ ಬಂದುಬಿಡುತ್ತದೆ. ಬರೆದ ಹಾಳೆ ಹಡಗು ಹತ್ತಿ ಹೋದರಂತೂ ಮತ್ತೆ ಅದರ ಮುಖ ನೋಡುವ ಪ್ರಸಂಗವೇ ಇಲ್ಲ. ಇಲ್ಲಿ ಕಿರ್ದಿ ಇದೆ, ಖಾತೆಗೆ ಎತ್ತುವವನಿಲ್ಲ. ನಮ್ಮ ಹಲವರ ದಿನಚರಿಗಳ ಗತಿಯೂ ಇದೇ. ಜನವರಿಯ ಮೊದಲ ವಾರ ಬರೆದ ಸಂಕಲ್ಪವನ್ನು ಮುಂದಿನ ಜನವರಿಯಲ್ಲಿ ಹೊಸ ಡೈರಿಗೆ, ಹಳೆಯದನ್ನು ತೆರೆದು ನೋಡದೆಯೇ, ಹೊಸದಾಗಿ ಬರೆಯುತ್ತೇವೆ.

ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನ ಪ್ರಕರಣ ಇದಕ್ಕಿಂತ ಸಂಕೀರ್ಣವಾದದ್ದು. ಹದಿನಾರರ ಹರೆಯದಲ್ಲಿ, 1796ರಲ್ಲಿ, ಭಾರತಕ್ಕೆ ಬಂದ ಈತ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಗ್ರೀಕ್, ಫಾರಸಿ ಗ್ರಂಥಗಳನ್ನು ಡೇರೆಗಳಲ್ಲಿ, ದಂಡಿನ ದಾರಿಯಲ್ಲಿ, ರಾಯಭಾರದ ಬಿಡುವಿನಲ್ಲಿ ಓದಿ ಪಂಡಿತನಾದವನು. 1819ರಿಂದ 1827ರವರೆಗೆ ಮುಂಬಯಿಯ ಗವರ್ನರನಾಗಿದ್ದ. 1884ರಲ್ಲಿ ಕೋಲ್‌ಬ್ರೂಕ್ ಬರೆದ ಜೀವನಚರಿತ್ರೆಯ ಎರಡು ಸಂಪುಟಗಳ ಬೆನ್ನೆಲುಬು ಎಲ್ಫಿನ್‌ಸ್ಟನ್ನನ ದಿನಚರಿಯೇ. ಓದಿದ ಪುಸ್ತಕ, ಬೇಟೆ, ಕುದುರೆ ಸವಾರಿ, ಜೊತೆಗಿದ್ದವರ ಮಾತುಕತೆ, ಕಾರಣವಿಲ್ಲದೆ ಕವಿಯುತ್ತಿದ್ದ ಮನಸ್ಸಿನ ಕುಗ್ಗು ಎಲ್ಲವೂ ಅಲ್ಲಿವೆ. ರಾಜ್ಯಾಡಳಿತದ ವಿಷಯವನ್ನು ಆತ ಸರ್ಕಾರಿ ಟಿಪ್ಪಣಿಗಳಿಗೆ ಬಿಟ್ಟಿದ್ದ. ದಿನಚರಿಯಲ್ಲಿ ಪರೀಕ್ಷೆಗೆ ಒಳಗಾಗುವುದು ರಾಜ್ಯವಲ್ಲ, ಆಳುವ ಮನಸ್ಸು. ಈ ವಿಭಜನೆಯನ್ನು ನಾವು ಮಹತ್ವದ್ದೆಂದು ಭಾವಿಸುತ್ತೇವೆ. ಪುಣೆಯ ಸಂಗಮದಲ್ಲಿದ್ದ ಆತನ ನಿವಾಸ 1817ರ ನವೆಂಬರ್ 5ರಂದು, ಖಡ್ಕಿಯ ಕಾಳಗದ ದಿನ, ಪುಸ್ತಕ ಕಾಗದಗಳ ಸಮೇತ ಸುಟ್ಟುಹೋಯಿತು. ಅಂತಹ ನಷ್ಟವನ್ನು ಕಂಡ ಮೇಲೂ ಬರೆಯುವುದನ್ನು ಬಿಡದವನಿಗೆ ದಿನಚರಿಯು ಕೂಡಿಟ್ಟ ಆಸ್ತಿಯಾಗಿರಲಿಲ್ಲ, ದಿನದ ಶಿಸ್ತಾಗಿತ್ತು ಎನ್ನಬೇಕಾಗುತ್ತದೆ.

ಕನ್ನಡ ಸಂಶೋಧಕರಿಗೆ ಇಲ್ಲಿ ಒಂದು ಪ್ರಾಸಂಗಿಕ ಸೂಚನೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗಲೂ ಡಿಸೆಂಬರಿನಲ್ಲಿ ಕೋಟೆ ಬಿದ್ದಾಗಲೂ ಮುಂಬಯಿಯಲ್ಲಿ ಗವರ್ನರನಾಗಿದ್ದವನು ಇದೇ ಎಲ್ಫಿನ್‌ಸ್ಟನ್. ಕಿತ್ತೂರಿನ ಇತಿಹಾಸವನ್ನು ನಾವು ಬಹುಮಟ್ಟಿಗೆ ಸರ್ಕಾರಿ ಪತ್ರವ್ಯವಹಾರದಿಂದಲೂ ಲಾವಣಿಗಳಿಂದಲೂ ಕಟ್ಟಿದ್ದೇವೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಎಲ್ಫಿನ್‌ಸ್ಟನ್ನನ ಖಾಸಗಿ ಕಾಗದಗಳನ್ನು ಇವುಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಹೊರನಾಡಿನ, ಹೊರದೇಶದ ಕನ್ನಡ ವಿದ್ವಾಂಸರಿಗೆ ಸಲ್ಲತಕ್ಕದ್ದು.

ಇನ್ನು ಲೇಡಿ ಫಾಕ್‌ಲ್ಯಾಂಡ್. 1848ರಿಂದ 1853ರವರೆಗೆ ಗವರ್ನರನಾಗಿದ್ದ ಫಾಕ್‌ಲ್ಯಾಂಡನ ಪತ್ನಿ ಈಕೆ. ಪರೇಲಿನ ಮನೆಯ ಒಡತಿ. ಭಾರತ, ಈಜಿಪ್ಟ್, ಸಿರಿಯಾಗಳಲ್ಲಿ ಬರೆದ ದಿನಚರಿಯಿಂದ ಆಯ್ದ ಭಾಗಗಳನ್ನು 1857ರಲ್ಲಿ ‘ಚೌ ಚೌ’ ಎಂಬ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದಳು. ಮನೆಮನೆಗೆ ಬರುವ ಫೇರಿವಾಲನ ಬುಟ್ಟಿಯಲ್ಲಿ ಇರುವಂತೆ ಬಗೆಬಗೆಯ ಸರಕು ಇಲ್ಲಿದೆ ಎಂಬುದು ಹೆಸರಿನ ಅರ್ಥ. (ಬೆಂಗಳೂರಿನ ಉಪಾಹಾರ ಗೃಹದಲ್ಲಿ ಖಾರಾಭಾತು ಕೇಸರಿಭಾತುಗಳನ್ನು ಒಂದೇ ತಟ್ಟೆಯಲ್ಲಿ ಬಡಿಸಿ ಚೌಚೌಭಾತ್ ಎನ್ನುವಾಗಲೂ ಈ ಬೆರಕೆಯ ಅರ್ಥವೇ ಉಳಿದಿದೆ.) ಪರೇಲಿನ ಸೇವಕರು, ಅತಿಥಿಗಳು, ಮಹಾಬಳೇಶ್ವರದ ಬೇಸಗೆ ಇವುಗಳನ್ನು ಆಕೆ ಲವಲವಿಕೆಯಿಂದ ಚಿತ್ರಿಸುತ್ತಾಳೆ. ಶೈಲಿ ಮ್ಯಾಕಿಂಟಾಷನದಕ್ಕಿಂತ ಹೆಚ್ಚು ಆಕರ್ಷಕ. ಆದರೆ ನಮ್ಮ ದೃಷ್ಟಿಗೆ ಇದು ದಿನಚರಿಯ ದುರ್ಬಲ ರೂಪ. ಆಕೆ ತನ್ನ ಬರಹವನ್ನು ಮರಳಿ ಓದಿರುವುದು ನಿಜ. ಓದಿದ್ದು ತನ್ನನ್ನು ತಿಳಿಯಲಿಕ್ಕಲ್ಲ, ಓದುಗರಿಗೆ ರುಚಿಸುವುದನ್ನು ಆರಿಸಲಿಕ್ಕೆ. ಬುಟ್ಟಿಗೆ ಬಿದ್ದದ್ದು ನಮಗೆ ಸಿಕ್ಕಿದೆ. ಯಾವುದು ಬೀಳಲಿಲ್ಲವೋ ಅದರಲ್ಲಿ ಬಹುಶಃ ಆಕೆಯ ಕಿರ್ದಿ ಇತ್ತು. ಪುಸ್ತಕ ಬಂದ ವರ್ಷವನ್ನೂ ಮರೆಯುವಂತಿಲ್ಲ. ಸಿಪಾಯಿಗಳ ದಂಗೆಯ ಸುದ್ದಿಯಿಂದ ಇಂಗ್ಲೆಂಡ್ ತಲ್ಲಣಿಸಿದ ವರ್ಷವದು. ಪರೇಲಿನ ಹುಲ್ಲುಹಾಸಿನ ಸಂಜೆಗಳು ಅಚ್ಚಿನಲ್ಲಿ ಹಾಗೆಯೇ ಶಾಂತವಾಗಿವೆ.

ಈ ಮೂವರ ಬರಹಗಳಲ್ಲಿಯೂ ಊರಿನ ಜನ ಬಹುತೇಕ ಹೆಸರಿಲ್ಲದೆ ಓಡಾಡುತ್ತಾರೆ ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮೇಜು, ದೀಪ, ಬಿಡುವು, ಕಾಗದವನ್ನು ಜೋಪಾನ ಮಾಡುವ ವಂಶ, ಅಚ್ಚು ಹಾಕುವ ಪ್ರಕಾಶಕ ಇವೆಲ್ಲ ಇದ್ದವರ ದಿನಚರಿ ಉಳಿಯಿತು. ಪರೇಲಿನಲ್ಲಿ ಅಂದು ಬೇರೆ ಯಾರ ದಿನವೂ ನಡೆಯಲಿಲ್ಲ ಎಂದು ಇದರಿಂದ ಭಾವಿಸುವಂತಿಲ್ಲ.

ಅದೇ ಸೌಧದ ಮುಂದಿನ ಅಧ್ಯಾಯ ನಮ್ಮ ವಿಷಯಕ್ಕೆ ಹೊಸ ತಿರುವು ಕೊಡುತ್ತದೆ. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದು 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ ವಾಲ್ಡೆಮಾರ್ ಹಾಫ್‌ಕಿನ್ 1899ರಲ್ಲಿ ತನ್ನ ಪ್ರಯೋಗಾಲಯವನ್ನು ಪರೇಲಿಗೆ ತಂದ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪರೇಲಿನಿಂದ ಹೋದ ಲಸಿಕೆಯನ್ನು 107 ಜನರಿಗೆ ಹಾಕಲಾಯಿತು. ಅವರ ಪೈಕಿ ಒಂದೇ ಸೀಸೆಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಆ ಸೀಸೆಯ ಗುರುತು 53ಎನ್. ವಿಷ ಸೇರಿದ್ದು ಪರೇಲಿನಲ್ಲೋ ಮುಲ್ಕೋವಾಲಿನಲ್ಲೋ? ತನಿಖೆ ಹಾಫ್‌ಕಿನ್ನನಿಗೆ ವಿರುದ್ಧವಾಯಿತು. ಆತ ಹುದ್ದೆ ಕಳೆದುಕೊಂಡ. ತನಿಖೆಯ ಕಾಗದಪತ್ರಗಳು ಪ್ರಕಟವಾದ ಮೇಲೆ ಅವುಗಳನ್ನು ಮತ್ತೆ ಓದಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು, ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತೆಂಬ ಹೇಳಿಕೆಯನ್ನು ಮುಂದಿಟ್ಟು ವಾದಿಸಿದರು. 1907ರಲ್ಲಿ ಹಾಫ್‌ಕಿನ್ ದೋಷಮುಕ್ತನಾದ. ಆತ ಭಾರತಕ್ಕೆ ಮರಳಿದ, ಆದರೆ ಪರೇಲಿಗಲ್ಲ, ಕಲ್ಕತ್ತೆಗೆ.

ಸೀಸೆಗೆ ಗುರುತು ಹಾಕಿ ಪುಸ್ತಕದಲ್ಲಿ ಬರೆದಿಡುವ ಪ್ರಯೋಗಾಲಯದ ದಾಖಲೆ ಸ್ವಂತದ ದಿನಚರಿಯಲ್ಲ ಎಂಬ ಆಕ್ಷೇಪ ಬರಬಹುದು. ಒಪ್ಪುತ್ತೇವೆ. ಆದರೂ ಒಂದು ಸಾಮ್ಯವನ್ನು ಅಲಕ್ಷಿಸಲಾಗದು. ನೆಲಕ್ಕೆ ಬಿದ್ದ ಚಿಮಟ ಬಿದ್ದ ಕ್ಷಣದಲ್ಲಿ ಅರ್ಥವಿಲ್ಲದ ಸಂಗತಿ. ಅದು ಎಲ್ಲೋ ಕಾಗದದ ಮೇಲೆ ಉಳಿದಿದ್ದರಿಂದ, ವರ್ಷಗಳ ನಂತರ ಬೇರೆ ಪ್ರಶ್ನೆ ಹಿಡಿದು ಬಂದ ಕಣ್ಣಿಗೆ ಅದೇ ಮುಖ್ಯವಾಯಿತು. ಬರೆಯುವ ದಿನ ಯಾವುದು ಮುಖ್ಯವೆಂದು ಬರೆಯುವವನಿಗೆ ತಿಳಿದಿರುವುದಿಲ್ಲ. ಮುಖ್ಯವಾದುದನ್ನಷ್ಟೇ ಬರೆಯುತ್ತೇನೆಂದು ಕುಳಿತವನು ಖಾತೆಯನ್ನೇ ನೇರವಾಗಿ ಬರೆಯಲು ಹೊರಟವನು.

ಇದನ್ನು ಸ್ವಂತದ ಬದುಕಿನ ಮೇಲೆ ವಿಧಿಬದ್ಧವಾಗಿ ಪ್ರಯೋಗಿಸಿ ನೋಡಿದ ಲೇಖಕಿಯೊಬ್ಬಳುಂಟು. ಇಂಗ್ಲೆಂಡಿನ ಮೇರಿಯನ್ ಮಿಲ್ನರ್ 1926ರಿಂದ ಏಳು ವರ್ಷ ದಿನಚರಿ ಬರೆದು, ತನಗೆ ಯಾವಾಗ ಸುಖವೆನಿಸಿತೆಂಬುದನ್ನು ಗುರುತಿಸಿ, ಆ ಹಾಳೆಗಳನ್ನು ಮತ್ತೆ ಮತ್ತೆ ಓದಿ, 1934ರಲ್ಲಿ ಬೇರೆ ಹೆಸರಿನಿಂದ ಒಂದು ಪುಸ್ತಕ ಪ್ರಕಟಿಸಿದಳು. ತಾನು ಬಯಸುತ್ತೇನೆಂದು ನಂಬಿದ್ದ ವಸ್ತುಗಳೂ ತನಗೆ ನಿಜವಾಗಿ ಸಂತೋಷ ಕೊಟ್ಟ ಕ್ಷಣಗಳೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಆಕೆಗೆ ಕಂಡದ್ದು ಬರೆಯುವಾಗ ಅಲ್ಲ, ಓದುವಾಗ. ಇತ್ತೀಚಿನ ಮನೋವಿಜ್ಞಾನ ಹೆಚ್ಚಾಗಿ ಬರವಣಿಗೆಯ ಕಡೆಗೇ ಒಲಿದಿದೆ. 1986ರಲ್ಲಿ ಅಮೆರಿಕದ ಪೆನ್ನಿಬೇಕರ್ ಮತ್ತು ಬೀಲ್, ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಕಷ್ಟದ ಅನುಭವವನ್ನು ಬರೆಯಿಸಿದರು. ಘಟನೆಯನ್ನೂ ಭಾವನೆಯನ್ನೂ ಕೂಡಿಸಿ ಬರೆದವರು ಬರೆದ ದಿನ ಹೆಚ್ಚು ನೊಂದರು, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಕಡಿಮೆ ಸಲ ಹೋದರು. ಉಪಯುಕ್ತವಾದ ಕೆಲಸವೇ. ಆದರೆ ನಾಲ್ಕು ದಿನದ ಬರಹ ದಿನಚರಿಯಲ್ಲ. ಅದು ಗಾಯ ತೊಳೆಯುವ ಕೆಲಸ.

ನಮ್ಮ ನಾಡಿನಲ್ಲಿ ಮರುಓದಿನ ಪರಂಪರೆಯೇ ಇಲ್ಲವೆಂದಲ್ಲ. ಟಿಪ್ಪು ಸುಲ್ತಾನನು ತನ್ನ ಕೈಯಿಂದ ಫಾರಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ದೊರೆಯಿತು. ಅದರಲ್ಲಿ 37 ಕನಸುಗಳಿವೆ, ಕೆಲವಕ್ಕೆ ಅವನೇ ಕೊಟ್ಟ ಅರ್ಥವೂ ಇದೆ. ಕಿರ್ದಿ ಖಾತೆಗಳೆರಡೂ ಒಂದೇ ಹಾಳೆಯಲ್ಲಿ ಎನ್ನಬಹುದು. ಆಧುನಿಕ ಕನ್ನಡದಲ್ಲಿ ಇದಕ್ಕೆ ಸಮೃದ್ಧ ಉದಾಹರಣೆ ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980). ಇದನ್ನು ನಾವು ಆತ್ಮಚರಿತ್ರೆ ಎಂದು ಕರೆಯುವುದು ರೂಢಿ. ಆದರೆ ಅದರ ರಚನೆಯನ್ನು ಗಮನಿಸಿದರೆ, ಇದು ವೃದ್ಧ ಕವಿಯೊಬ್ಬರು ತಮ್ಮ ತಾರುಣ್ಯದ ದಿನಚರಿಯನ್ನು ಮುಂದಿಟ್ಟುಕೊಂಡು ಓದುತ್ತಿರುವ ದೃಶ್ಯ. ಮೈಸೂರಿನ ವಿದ್ಯಾರ್ಥಿ ದಿನಗಳ ಟಿಪ್ಪಣಿಗಳಲ್ಲಿ ಹಲವು ಇಂಗ್ಲಿಷಿನವು. ಅವುಗಳನ್ನು ಅರ್ಧ ಶತಮಾನದ ಬಳಿಕ ಕನ್ನಡಕ್ಕೆ ತರುವಾಗ ಅಂದಿನ ಹುಡುಗನಿಗೂ ಇಂದಿನ ಕವಿಗೂ ನಡುವೆ ಕಾಲ ಮಾತ್ರವಲ್ಲ, ಭಾಷೆಯೂ ಬದಲಾಗಿದೆ. ಪುಸ್ತಕದ ಓಟಕ್ಕೆ ಇದರಿಂದ ಅಲ್ಲಲ್ಲಿ ತಡೆಯಾಗಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ತಡೆಯೇ ನಮಗೆ ಈ ಕೃತಿಯ ಬೆಲೆ. ನೆನಪು ನುಣುಪಾಗಿ ಹರಿಯಲು ಹೊರಟಾಗ ತಾರೀಖು ಹಾಕಿದ ಒಂದು ಹಾಳೆ ಅಡ್ಡ ಬಂದು ನಿಲ್ಲುತ್ತದೆ.

ಇಂತಹ ಅಡ್ಡಿಯ ಅನುಭವ ನಮಗೂ ಆಗಿದೆ. ಮುಂಬಯಿಗೆ ಮೊದಲ ಸಲ ಬಂದಿಳಿದ ದಿನ ಧಾರಾಕಾರ ಮಳೆ ಸುರಿಯುತ್ತಿತ್ತೆಂದೂ ಪರೇಲಿನ ಸೇತುವೆಯ ಮೇಲೆ ಪೆಟ್ಟಿಗೆ ನೆನೆಯಿತೆಂದೂ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡು ಬಂದಿದ್ದೆವು. ಮನೆ ಬದಲಿಸುವಾಗ ಸಿಕ್ಕಿದ ಹಳೆಯ ನೋಟುಪುಸ್ತಕವನ್ನು ತೆರೆದರೆ ಆ ದಿನ ಮಾರ್ಚ್ ತಿಂಗಳು. ಬರೆದಿರುವುದು ಬಿಸಿಲು, ಬಾಯಾರಿಕೆ, ಮತ್ತು ಕೂಲಿಯವನಿಗೆ ಕೊಟ್ಟ ಹೆಚ್ಚಿನ ಎಂಟಾಣೆ. ಮಳೆ ಎಲ್ಲಿಂದ ಬಂತು? ಮುಂಬಯಿಯನ್ನು ಕುರಿತು ಓದಿದ ಕಥೆಗಳಿಂದಲೇ ಬಂದಿರಬೇಕು. ಸುಳ್ಳು ಹೇಳಿದ್ದೆವೆಂದು ನಮಗೆ ಅನಿಸಲಿಲ್ಲ. ನಂಬಿಯೇ ಹೇಳಿದ್ದೆವು. ಆದ್ದರಿಂದಲೇ ಅದು ಹೆಚ್ಚು ಗಾಬರಿಯ ವಿಷಯ.

ದಾಖಲೆ ಇಲ್ಲದೆ ನೆನಪೊಂದನ್ನೇ ನೆಚ್ಚಿ ದೊಡ್ಡ ಕೃತಿ ರಚಿಸಲಾಗದೇ ಎಂದು ಕೇಳುವವರು ಎಂ. ಎನ್. ಶ್ರೀನಿವಾಸರನ್ನು ಉದಾಹರಿಸುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಘುರ್ಯೆಯವರ ಶಿಷ್ಯರಾಗಿದ್ದ ಈ ಮೈಸೂರಿನ ಸಮಾಜಶಾಸ್ತ್ರಜ್ಞರು 1948ರಲ್ಲಿ ‘ರಾಂಪುರ’ ಎಂದು ಹೆಸರಿಟ್ಟ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದ ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಅವರ ಅತ್ಯಂತ ಹೆಸರಾಂತ ಗ್ರಂಥವಾಯಿತು. ಇದು ನೆನಪಿನ ಗೆಲುವು ಎಂದು ಹೇಳುವುದು ವಾಡಿಕೆ. ನಾವು ಹಾಗೆ ಓದುವುದಿಲ್ಲ. ಅಂದು ಸುಟ್ಟದ್ದು ಖಾತೆ. ಕಿರ್ದಿಯನ್ನು, ಎಂದರೆ ಮೂಲ ಟಿಪ್ಪಣಿಗಳನ್ನು, ಅವರು ಇಪ್ಪತ್ತು ವರ್ಷ ಮತ್ತೆ ಮತ್ತೆ ಓದಿ, ವಿಂಗಡಿಸಿ, ಬೆರಳಚ್ಚು ಮಾಡಿಸಿ ಮೈಗೂಡಿಸಿಕೊಂಡಿದ್ದರು. ಬರೆದು ಮರುಓದಿದವರ ನೆನಪು ಬೇರೆ, ಬರೆಯದವರ ನೆನಪು ಬೇರೆ.

ಈಗ ಪರೇಲಿನ ಕನ್ನಡಿಗರ ಕಡೆಗೆ ಬರಬಹುದು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರುಗಳ ಬದುಕು ನಮ್ಮ ಸಾಹಿತ್ಯದಲ್ಲಿ ಸೃಜನಶೀಲವಾಗಿ ಮೂಡಿದೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಯಶವಂತ ಚಿತ್ತಾಲರ ‘ಶಿಕಾರಿ’, ಜಯಂತ ಕಾಯ್ಕಿಣಿಯವರ ಕಥೆಗಳನ್ನು ಬಿಟ್ಟು ಮುಂಬಯಿಯನ್ನು ಕಲ್ಪಿಸುವುದೇ ಕಷ್ಟ. ಅಭಿನಂದನ ಗ್ರಂಥಗಳೂ ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳೂ ಕಪಾಟು ತುಂಬುವಷ್ಟಿವೆ. ಇವೆಲ್ಲ ಖಾತೆಗಳು, ಅದೂ ಬಹುಪಾಲು ಜಮೆಯ ಕಡೆಯ ಖಾತೆಗಳು. ಬಂದಾಗ ಕೈಯಲ್ಲಿ ಕಾಸಿರಲಿಲ್ಲ, ಕಷ್ಟಪಟ್ಟರು, ಮೇಲೆ ಬಂದರು ಎಂಬ ಒಂದೇ ಚೌಕಟ್ಟಿನಲ್ಲಿ ಎಲ್ಲರ ಬದುಕೂ ಕೂರುತ್ತದೆ. ಹೊರನಾಡಿನ ಸಂಶೋಧಕರು ಈ ಸಂಚಿಕೆಗಳನ್ನು ಆಕರವಾಗಿ ಬಳಸುವಾಗ, ನಮ್ಮ ಮಳೆಯಂತಹ ಮಳೆ ಅವುಗಳಲ್ಲಿ ಎಷ್ಟು ಸುರಿದಿದೆ ಎಂದು ಕೇಳಬೇಕಾಗುತ್ತದೆ.

1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಪರೇಲ್, ಲಾಲ್‌ಬಾಗ್‌ಗಳ ಬದುಕು ಮತ್ತೆ ಮೊದಲಿನಂತೆ ಆಗಲಿಲ್ಲ. ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಸಂಪಾದಿಸಿ 2004ರಲ್ಲಿ ಪ್ರಕಟಿಸಿದ ಮೌಖಿಕ ಇತಿಹಾಸದ ಗ್ರಂಥ ಈ ಜನರ ಮಾತನ್ನು ನೂರು ದನಿಗಳಲ್ಲಿ ಉಳಿಸಿದೆ. ಅದು ದೊಡ್ಡ ಕೆಲಸ. ಆದರೆ ಮುಷ್ಕರ ಹೇಗೆ ಮುಗಿಯಿತೆಂದು ತಿಳಿದ ಮೇಲೆ ಆಡಿದ ಮಾತುಗಳು ಅಲ್ಲಿರುವುದು ಅನಿವಾರ್ಯ. ಮುಗಿಯುವುದು ತಿಳಿಯದಿದ್ದಾಗ, ಮೂರನೆಯ ತಿಂಗಳಲ್ಲಿ, ಕಿರಾಣಿಯವನು ಉದ್ರಿ ನಿಲ್ಲಿಸಿದ ದಿನ ಆ ಮನೆಯವರು ಏನು ಎಣಿಸಿದ್ದರು ಎಂಬುದನ್ನು ಹೇಳಬಲ್ಲುದು ಅಂದು ಗೀಚಿದ ಒಂದು ಹಾಳೆ ಮಾತ್ರ. ಗಿರಣಿಗಳಿದ್ದ ಜಾಗದಲ್ಲಿ ಮಾಲುಗಳೂ ಕಚೇರಿಗಳೂ ಎದ್ದಿವೆ. ಚಾಳಿನ ಕೋಣೆ ತೆರವು ಮಾಡಿ ದೂರದ ಉಪನಗರಕ್ಕೆ ಹೋಗುವವರು ಪಾತ್ರೆ, ದೇವರ ಪಟ, ಟಿ.ವಿ. ಒಯ್ಯುತ್ತಾರೆ. ನೋಟುಪುಸ್ತಕಗಳು ತೂಕಕ್ಕೆ ರದ್ದಿಯವನ ತಕ್ಕಡಿ ಏರುತ್ತವೆ. ಟಿ.ಐ.ಎಫ್.ಆರ್. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಶ್ರೀನಿವಾಸ ಹಾವನೂರರು ಹಳೆಯ ಕಾಗದಗಳ ಬೆನ್ನು ಹತ್ತಿ ‘ಹೊಸಗನ್ನಡದ ಅರುಣೋದಯ’ವನ್ನು (1974) ಕಟ್ಟಿದ್ದನ್ನು ಬಲ್ಲವರಿಗೆ ಈ ತಕ್ಕಡಿಯ ಭಾರ ತಿಳಿದೀತು.

ದಿನಚರಿ ಎಂಬ ಹೆಸರೇ ಇಲ್ಲದ ದಿನಚರಿಗಳು ಇಂದಿಗೂ ಪರೇಲಿನಲ್ಲಿ ಬರೆಯಲ್ಪಡುತ್ತಿವೆ. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದ ಜಿಲ್ಲೆಗಳಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಧರ್ಮಶಾಲೆಯಲ್ಲಿ ಜಾಗ ಸಿಗುವವರೆಗೆ ಫುಟ್‌ಪಾತಿನಲ್ಲಿಯೇ ತಂಗುವವರಿದ್ದಾರೆ. ನಮಗೆ ಪರಿಚಯವಾದ ಕಲಬುರಗಿ ಕಡೆಯ ಕುಟುಂಬವೊಂದರಲ್ಲಿ ಎಂಟನೆಯ ಇಯತ್ತೆಯವರೆಗೆ ಓದಿದ್ದ ಸೊಸೆ, ಮಾವನ ಆರೈಕೆಗೆ ಬಂದವಳು, ಶಾಲೆಯ ಎರಡು ಗೆರೆ ಪುಸ್ತಕದಲ್ಲಿ ಎಲ್ಲವನ್ನೂ ಬರೆಯುತ್ತಿದ್ದಳು. ಎಷ್ಟು ಗುಳಿಗೆ, ಯಾವ ಹೊತ್ತಿಗೆ ಜ್ವರ, ಯಾರಿಂದ ಎಷ್ಟು ಕೈಗಡ, ಊರಿಂದ ಯಾರ ಫೋನು, ಮಾವ ಉಂಡದ್ದು ಎರಡು ತುತ್ತೋ ಮೂರೋ. ವಾರಕ್ಕೊಮ್ಮೆ ಡಾಕ್ಟರರ ಮುಂದೆ ಹೋಗುವ ಹಿಂದಿನ ರಾತ್ರಿ ಪುಸ್ತಕವನ್ನು ಮೊದಲಿಂದ ಓದಿ, ಕೇಳಬೇಕಾದ್ದನ್ನು ಕೊನೆಯ ಹಾಳೆಯಲ್ಲಿ ಬೇರೆಯಾಗಿ ಎತ್ತಿ ಬರೆದುಕೊಳ್ಳುತ್ತಿದ್ದಳು. ಜ್ವರ ಬರುವುದು ಔಷಧ ಹಾಕಿದ ಮೂರನೆಯ ದಿನವೇ ಎಂಬುದನ್ನು ಆಕೆ ಕಂಡುಕೊಂಡದ್ದು ಹೀಗೆ ಎತ್ತಿ ಬರೆಯುವಾಗ. ಡಾಕ್ಟರರು ಪುಸ್ತಕ ತರಿಸಿಕೊಂಡು ನೋಡಿದರಂತೆ.

ಮಾವ ತೀರಿಕೊಂಡ ಮೇಲೆ ಆ ಪುಸ್ತಕವನ್ನು ಸಂಶೋಧನೆಗೆ ಕೊಡಬಹುದೇ ಎಂದು ನಾವು ಕೇಳಿದೆವು. ಕೇಳಿದ್ದು ಸರಿಯೇ ಎಂಬ ಬಗೆಗೆ ಇಂದಿಗೂ ನಮಗೆ ಅನುಮಾನವಿದೆ. ‘ಕೈಗಡದ್ ಲೆಕ್ಕ ಇನ್ನಾ ಹರದಿಲ್ರಿ ಸರ, ಅದು ಮುಗೀಲಿ’ ಎಂದಳು. ಪುಸ್ತಕ ಅವಳಲ್ಲಿಯೇ ಇದೆ.